ದೇವರು ಕ್ಷಮಿಸಿದ ಮೇಲೆ ನೊಂದವರ ಲೆಕ್ಕ ಏನಾಗುತ್ತದೆ?

ಹೊಂಬಾಳೆ

ಇಲ್ಲಿ ಕ್ರೈಸ್ತರೂ ಇದ್ದೀರಿ, ಬೇರೆಯವರೂ ಇದ್ದೀರಿ. ಯಾರ ಮನಸ್ಸನ್ನೂ ನೋಯಿಸಬೇಕೆಂದು ಕೇಳುತ್ತಿಲ್ಲ. ಬಹಳ ದಿನದಿಂದ ಕೊರೆಯುತ್ತಿರುವ ಪ್ರಶ್ನೆ, ತಿಳಿದವರು ಬಿಡಿಸಿ ಹೇಳಿ.

ನಮ್ಮ ತಂದೆ ಮತ್ತು ಅವರ ದಾಯಾದಿಯೊಬ್ಬರು ಒಟ್ಟಿಗೆ ವ್ಯವಹಾರ ಮಾಡುತ್ತಿದ್ದರು. ತಂದೆ ಹಾಸಿಗೆ ಹಿಡಿದಿದ್ದಾಗ ಅವರು ಒಂದು ಪತ್ರಕ್ಕೆ ಸಹಿ ಹಾಕಿಸಿಕೊಂಡು ಹೋದರು. ಆಸ್ಪತ್ರೆ ಖರ್ಚಿಗೆ ಸಂಬಂಧಿಸಿದ ಕಾಗದ ಎಂದಿದ್ದರು. ಅದು ತಂದೆ ತಮ್ಮ ಪಾಲನ್ನೇ ಬಿಟ್ಟುಕೊಟ್ಟ ಪತ್ರ ಎಂದು ನಮಗೆ ಗೊತ್ತಾದದ್ದು ತಂದೆ ತೀರಿಕೊಂಡ ಮೇಲೆ. ಅಮ್ಮ ವಿಚಾರಿಸಲು ಹೋದಾಗ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿ ಕಳಿಸಿದರು.

ಈಗ ಅವರು ಕ್ರೈಸ್ತ ವಿಶ್ವಾಸಕ್ಕೆ ಬಂದಿದ್ದಾರೆ, ದೀಕ್ಷಾಸ್ನಾನವೂ ಆಗಿದೆ. ಗೆಳತಿಯ ಜೊತೆ ಒಂದು ಪ್ರಾರ್ಥನಾ ಕೂಟಕ್ಕೆ ಹೋಗಿದ್ದೆ, ಅಲ್ಲಿ ಅವರು ಎದ್ದು ಸಾಕ್ಷಿ ಹೇಳಿದರು. "ನನ್ನ ಪಾಪಗಳೆಲ್ಲ ಯೇಸುವಿನ ರಕ್ತದಲ್ಲಿ ತೊಳೆದುಹೋದವು, ಈಗ ನನ್ನ ಮೇಲೆ ಯಾವ ಅಪರಾಧವೂ ಇಲ್ಲ." ಎಲ್ಲರೂ ಸ್ತೋತ್ರ ಎಂದರು. ಮುಗಿದ ಮೇಲೆ ನನ್ನನ್ನು ಕಂಡು ಹತ್ತಿರ ಬಂದರು. ಎರಡೂ ಕೈ ಹಿಡಿದುಕೊಂಡು, "ದೇವರು ನನ್ನನ್ನು ಕ್ಷಮಿಸಿದ್ದಾನಮ್ಮ, ನೀನೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ" ಎಂದರು. ಕಣ್ಣಲ್ಲಿ ನೀರಿತ್ತು. ನಾಟಕ ಎಂದು ನನಗೆ ಅನ್ನಿಸಲಿಲ್ಲ. ಆದರೆ ಆ ಪತ್ರದ ಮಾತು ಬರಲಿಲ್ಲ. ಅಮ್ಮ ಹೇಗಿದ್ದಾರೆ ಎಂದೂ ಕೇಳಲಿಲ್ಲ.

ನಾನು ಕ್ರೈಸ್ತಳಲ್ಲ. ಸುವಾರ್ತೆಗಳನ್ನು ಓದಿದ್ದೇನೆ, ಯೇಸುವಿನ ಮೇಲೆ ಗೌರವ ಇದೆ. ಕ್ರೈಸ್ತರು ಹೇಳುವ ಕ್ಷಮೆ ಎಂದರೆ ಇದೇನಾ? ನಮಗಾದ ಅನ್ಯಾಯವನ್ನು ನಮ್ಮನ್ನು ಒಂದು ಮಾತೂ ಕೇಳದೆ ದೇವರು ಚುಕ್ತಾ ಮಾಡಿಬಿಟ್ಟನೇ?

ನೇರನುಡಿ

ಇದು ನನ್ನ ಪ್ರಶ್ನೆಯೂ ಹೌದು. 'ಮಾಡಿದ್ದುಣ್ಣೋ ಮಹಾರಾಯ' ಎನ್ನುವ ಮಾತಿನಲ್ಲಿ ಒಂದು ನ್ಯಾಯ ಇದೆ. ಇಲ್ಲಿ ನೋಡಿದರೆ ಮಾಡಿದವನೊಬ್ಬ, ಅನುಭವಿಸಿದವನು ಶಿಲುಬೆಯ ಮೇಲಿನ ಇನ್ನೊಬ್ಬ, ಕಳೆದುಕೊಂಡವರು ಯಾವ ಲೆಕ್ಕಕ್ಕೂ ಇಲ್ಲ. ನನಗೆ ಹೊಡೆದವನನ್ನು ನಾನು ಕ್ಷಮಿಸಬಹುದು. ನನ್ನ ಪರವಾಗಿ ಕ್ಷಮಿಸಲು ದೇವರಿಗೆ ಅಧಿಕಾರ ಕೊಟ್ಟವರು ಯಾರು?

ಕಿರುದೀಪ

ಹೊಂಬಾಳೆಯವರೇ, ನಾನು ಪ್ರೊಟೆಸ್ಟೆಂಟ್ ಸಭೆಯವನು, ಸಭೆಯಲ್ಲಿ ಬೈಬಲ್ ಪಾಠ ಮಾಡುತ್ತೇನೆ. ಆ ಹಿರಿಯರ ಸಾಕ್ಷಿಯಲ್ಲಿ ಸುವಾರ್ತೆಯ ಅರ್ಧ ಭಾಗ ಇದೆ. ಉಳಿದರ್ಧ ನಿಮ್ಮ ಮನೆ ಬಾಗಿಲಿಗೆ ಬರಬೇಕಿತ್ತು.

ನೇರನುಡಿಯವರ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ. ಅದು ಬೈಬಲಿನಲ್ಲೇ ಇದೆ. ಮಾರ್ಕನ ಸುವಾರ್ತೆಯ 2ನೇ ಅಧ್ಯಾಯದಲ್ಲಿ ಪಾರ್ಶ್ವವಾಯು ರೋಗಿಗೆ ಯೇಸು "ನಿನ್ನ ಪಾಪಗಳು ಕ್ಷಮಿಸಲ್ಪಟ್ಟಿವೆ" ಎಂದಾಗ, ದೇವರೊಬ್ಬನನ್ನು ಬಿಟ್ಟು ಪಾಪ ಕ್ಷಮಿಸಬಲ್ಲವರು ಯಾರು ಎಂದು ಶಾಸ್ತ್ರಿಗಳು ಮನಸ್ಸಿನಲ್ಲೇ ಅಂದುಕೊಳ್ಳುತ್ತಾರೆ. ದೇವರಿಗೆ ಆ ಅಧಿಕಾರ ಎಲ್ಲಿಂದ ಬಂತು ಎಂದರೆ ಕ್ರೈಸ್ತರ ಉತ್ತರ ಹೀಗಿದೆ: ಪ್ರತಿ ಪಾಪದಲ್ಲೂ ಮೊದಲು ಗಾಯಗೊಳ್ಳುವವನು ದೇವರು. ಆತ ಉಂಟುಮಾಡಿ ಪ್ರೀತಿಸುವ ಮನುಷ್ಯನಿಗೆ ಹೊಡೆದವನು ಆತನಿಗೂ ಹೊಡೆದಿದ್ದಾನೆ. ಆದ್ದರಿಂದ ದೇವರು ಕ್ಷಮಿಸುವುದು ತನಗಾದದ್ದನ್ನು. ನಿಮಗಾದದ್ದನ್ನು ನಿಮ್ಮಿಂದ ಕಿತ್ತುಕೊಂಡು ಬರೆದುಹಾಕುವುದಿಲ್ಲ.

ಇದಕ್ಕೆ ಇಸ್ರಾಯೇಲಿನ ಅರಸ ದಾವೀದನ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ತನ್ನ ಸೈನಿಕ ಊರೀಯನ ಹೆಂಡತಿಯನ್ನು ಕರೆಸಿಕೊಂಡ, ಊರೀಯನನ್ನು ಯುದ್ಧದ ಮುಂಚೂಣಿಗೆ ಕಳಿಸಿ ಕೊಲ್ಲಿಸಿದ. ಆಮೇಲೆ 51ನೇ ಕೀರ್ತನೆಯಲ್ಲಿ "ನಿನಗೇ, ನಿನಗೊಬ್ಬನಿಗೇ ಪಾಪ ಮಾಡಿದ್ದೇನೆ" ಎನ್ನುತ್ತಾನೆ. ಈ ಸಾಲನ್ನು ಓದುವಾಗ ನನಗೆ ಕಷ್ಟವಾಗುತ್ತಿತ್ತು. ಸತ್ತ ಊರೀಯ ಎಲ್ಲಿ ಹೋದ? ಆದರೆ ದಾವೀದ ಆ ಮಾತಿಗೆ ಬಂದದ್ದು ಹೇಗೆ ನೋಡಿ. ನಾತಾನ ಪ್ರವಾದಿ ಬಂದು ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಐಶ್ವರ್ಯವಂತನ ಕಥೆ ಹೇಳುತ್ತಾನೆ. ದಾವೀದ ಸಿಟ್ಟಿಗೆದ್ದು, ಅವನು ನಾಲ್ಕರಷ್ಟು ಕೊಡಬೇಕು ಎನ್ನುತ್ತಾನೆ. ಆಗ ನಾತಾನ, ಆ ಮನುಷ್ಯ ನೀನೇ ಎನ್ನುತ್ತಾನೆ. ದೇವರು ಆ ಕಥೆಯಲ್ಲಿ ಕುರಿಮರಿ ಕಳೆದುಕೊಂಡವನ ಕಡೆಗೆ ನಿಂತು ಮಾತಾಡಿದ್ದಾನೆ. ದಾವೀದನಿಗೆ ಕ್ಷಮೆ ಸಿಕ್ಕಿತು, ನಿಜ. ಆದರೆ ಆ ಕ್ಷಮೆಗೆ ಮೊದಲು ಊರೀಯನ ಹೆಸರು ಹೇಳಲಾಯಿತು, ಕೊಂದದ್ದು ಯಾವ ಕತ್ತಿಯಿಂದ ಎಂಬುದನ್ನೂ ಹೇಳಲಾಯಿತು. ಕ್ಷಮೆಯ ನಂತರವೂ ಅವನ ಮನೆಯಲ್ಲಿ ಕತ್ತಿ ನಿಲ್ಲಲಿಲ್ಲ.

ಇನ್ನು ಹಣ, ಆಸ್ತಿಯ ವಿಷಯ. ಅರಣ್ಯಕಾಂಡ 5ನೇ ಅಧ್ಯಾಯದ ನಿಯಮದಂತೆ ತಪ್ಪು ಮಾಡಿದವನು ತಪ್ಪನ್ನು ಅರಿಕೆ ಮಾಡಿ, ತೆಗೆದುಕೊಂಡದ್ದನ್ನು ಪೂರ್ತಿಯಾಗಿ, ಐದರಲ್ಲಿ ಒಂದು ಪಾಲು ಹೆಚ್ಚಿಗೆ ಸೇರಿಸಿ, ನಷ್ಟಪಟ್ಟವನಿಗೇ ಕೊಡಬೇಕು. ಬೆಟ್ಟದ ಪ್ರಸಂಗದಲ್ಲಿ, ಮತ್ತಾಯ 5:23-24ರಲ್ಲಿ, ಯೇಸು ಇನ್ನೂ ಮುಂದೆ ಹೋಗುತ್ತಾನೆ. ಕಾಣಿಕೆ ಹಿಡಿದು ಯಜ್ಞವೇದಿಯ ಹತ್ತಿರ ಬಂದಾಗ ಸಹೋದರನಿಗೆ ನಿನ್ನ ಮೇಲೆ ಏನೋ ವಿರೋಧ ಇದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ಮೊದಲು ಅವನ ಸಂಗಡ ಸಮಾಧಾನವಾಗು. ಗಮನಿಸಿ, ಇಲ್ಲಿ ಎದ್ದು ಹೋಗಬೇಕಾದವನು ತಪ್ಪು ಮಾಡಿದವನು. ನೊಂದವರು ಬಂದು ಹುಡುಕಬೇಕಿಲ್ಲ.

ಸುಂಕ ವಸೂಲಿ ಮಾಡಿ ಶ್ರೀಮಂತನಾಗಿದ್ದ ಜಕ್ಕಾಯನ ಕಥೆ ನಿಮಗೆ ಗೊತ್ತಿರುತ್ತದೆ. ಅದರಲ್ಲಿ ಕ್ರಮ ಮುಖ್ಯ. ಯೇಸು ಮೊದಲು ಅವನ ಮನೆಗೆ ಬರುತ್ತಾನೆ, ಯಾವ ಷರತ್ತೂ ಇಲ್ಲದೆ. ಆಮೇಲೆ ಜಕ್ಕಾಯ ಎದ್ದು ನಿಂತು, ಅರ್ಧ ಆಸ್ತಿ ಬಡವರಿಗೆ, ಅನ್ಯಾಯದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಎನ್ನುತ್ತಾನೆ. ತಾನಾಗಿ ಒಪ್ಪಿಕೊಂಡವನಿಗೆ ಧರ್ಮಶಾಸ್ತ್ರ ಕೇಳಿದ್ದು ಐದರಲ್ಲಿ ಒಂದು ಪಾಲು ಹೆಚ್ಚು. ಅವನು ಕುರಿಗಳ್ಳನಿಗೆ ವಿಧಿಸುವ ದಂಡವನ್ನು ತನಗೆ ತಾನೇ ಹಾಕಿಕೊಂಡ. "ಈ ಹೊತ್ತು ಈ ಮನೆಗೆ ರಕ್ಷಣೆಯಾಯಿತು" ಎಂದು ಯೇಸು ಹೇಳಿದ್ದು ಆ ಮಾತು ಕೇಳಿದ ಮೇಲೆ. ಹಣ ಹಿಂದಿರುಗಿಸಿ ಅವನು ರಕ್ಷಣೆಯನ್ನು ಕೊಂಡುಕೊಳ್ಳಲಿಲ್ಲ. ರಕ್ಷಣೆ ಮನೆಯೊಳಗೆ ಕಾಲಿಟ್ಟದ್ದರಿಂದ ಪೆಟ್ಟಿಗೆಯ ಬೀಗ ತೆರೆಯಿತು.

ನೇರನುಡಿ

ಚೆನ್ನಾಗಿ ಹೇಳಿದಿರಿ ಸರ್. ಆದರೆ ಯೇಸುವಿನ ಪಕ್ಕದಲ್ಲಿ ಶಿಲುಬೆಗೇರಿಸಿದ್ದ ಕಳ್ಳ? ಅವನು ಯಾರಿಗೂ ಏನೂ ಹಿಂದಿರುಗಿಸಲಿಲ್ಲ. ಒಂದು ಮಾತು ಹೇಳಿದ, ಪರದೈಸು, ಅಂದರೆ ಸ್ವರ್ಗ, ಸಿಕ್ಕಿತು.

ಸಂಜೆಗಂಟೆ

ನಾನು ಕಥೋಲಿಕ. ಆ ಕಳ್ಳನ ಬಗ್ಗೆ ನಮ್ಮ ಫಾದರ್ ಪ್ರಬೋಧನೆಯಲ್ಲಿ ಹೇಳಿದ್ದು ನನ್ನ ಮನಸ್ಸಿನಲ್ಲಿ ನಿಂತಿದೆ. ಅವನ ಕೈಗಳಿಗೆ ಮೊಳೆ ಬಡಿದಿತ್ತು, ಆಯುಷ್ಯ ಕೆಲವು ಗಂಟೆಗಳದ್ದು. ಅವನ ಹತ್ತಿರ ಉಳಿದದ್ದು ನಾಲಿಗೆ ಮಾತ್ರ. ಅದರಿಂದ ಅವನು ಮೊದಲು ಹೇಳಿದ್ದೇ "ನಮಗೆ ಆಗಿರುವುದು ನ್ಯಾಯ, ನಾವು ಮಾಡಿದ್ದಕ್ಕೆ ತಕ್ಕದ್ದು" ಎಂದು. ತನ್ನಲ್ಲಿದ್ದದ್ದನ್ನೆಲ್ಲ ಕೊಟ್ಟ. ಕೈಕಾಲು ಗಟ್ಟಿಯಿದ್ದು, ಆಸ್ತಿ ಕೈಯಲ್ಲಿದ್ದು, ಆ ಕಳ್ಳನ ಹೆಸರು ಹೇಳಿ ತಪ್ಪಿಸಿಕೊಳ್ಳಲು ಬರುವುದಿಲ್ಲ.

ನಮ್ಮಲ್ಲಿ ಪಾಪಸಂಕೀರ್ತನೆ ಎಂಬ ಸಂಸ್ಕಾರ ಇದೆ. ವರ್ಷಕ್ಕೊಮ್ಮೆಯಾದರೂ ಗುರುಗಳ ಬಳಿ ಪಾಪ ಅರಿಕೆ ಮಾಡಬೇಕೆಂದು 1215ರ ನಾಲ್ಕನೇ ಲ್ಯಾಟರನ್ ಮಹಾಸಭೆ ವಿಧಿಸಿತು. ಹೊರಗಿನವರು, ಹೋಗಿ ಹೇಳಿದರೆ ಆಯಿತು, ಸ್ಲೇಟು ಒರೆಸಿದ ಹಾಗೆ ಎಂದುಕೊಳ್ಳುತ್ತಾರೆ. ಅದರಲ್ಲಿ ಮನಸ್ಸಿನ ಪಶ್ಚಾತ್ತಾಪ ಬೇಕು, ಬಾಯಿಬಿಟ್ಟು ಹೇಳುವುದು ಬೇಕು, ಆಮೇಲೆ ಪ್ರಾಯಶ್ಚಿತ್ತ ಬೇಕು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶದ 1459ನೇ ಪ್ಯಾರಾ ಇದನ್ನೇ ಹೇಳುತ್ತದೆ: ಕದ್ದದ್ದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ಸರಿಪಡಿಸಬೇಕು, ಮಾಡಿದ ಗಾಯಕ್ಕೆ ಪರಿಹಾರ ಕೊಡಬೇಕು. ಪಾಪವಿಮೋಚನೆ ಪಾಪವನ್ನು ತೆಗೆಯುತ್ತದೆ, ಪಾಪದಿಂದಾದ ಹಾನಿಯನ್ನೆಲ್ಲ ಅದು ತಾನಾಗಿ ಸರಿಮಾಡುವುದಿಲ್ಲ. ಆ ಹಿರಿಯರು ನಮ್ಮಲ್ಲಿಗೆ ಬಂದು ಹೇಳಿಕೊಂಡಿದ್ದರೆ, ಆಸ್ತಿಯನ್ನು ಹಿಂದಿರುಗಿಸುವ ಮನಸ್ಸು ಇದೆಯೋ ಇಲ್ಲವೋ ಎಂದು ಗುರುಗಳು ಕೇಳಬೇಕಾಗುತ್ತಿತ್ತು. ಮನಸ್ಸೇ ಇಲ್ಲದಿದ್ದರೆ ಅದು ಪಶ್ಚಾತ್ತಾಪವೇ ಅಲ್ಲ.

ಹಳೆಯ ಓದುಗ

ಈ ಜಗಳ ಸಭೆಯಷ್ಟೇ ಹಳೆಯದು, ಸ್ವಲ್ಪ ಇತಿಹಾಸ ಹೇಳುತ್ತೇನೆ. ಕ್ರಿ.ಶ. 250ರ ಹೊತ್ತಿಗೆ ರೋಮನ್ ಚಕ್ರವರ್ತಿ ಡೇಸಿಯಸ್ ಎಲ್ಲರೂ ದೇವತೆಗಳಿಗೆ ಬಲಿ ಕೊಟ್ಟು ಪ್ರಮಾಣಪತ್ರ ತೆಗೆದುಕೊಳ್ಳಬೇಕೆಂದು ಆಜ್ಞೆ ಹೊರಡಿಸಿದ. ಅಂಥ ಪಪೈರಸ್ ಪತ್ರಗಳು ಈಜಿಪ್ಟಿನಲ್ಲಿ ಸಿಕ್ಕಿವೆ. ಎಷ್ಟೋ ಕ್ರೈಸ್ತರು ಹೆದರಿ ಬಲಿ ಕೊಟ್ಟರು, ಕೆಲವರು ಲಂಚ ಕೊಟ್ಟು ಪತ್ರ ಮಾತ್ರ ಪಡೆದರು. ಹಿಂಸೆ ತಣ್ಣಗಾದ ಮೇಲೆ ಅವರೆಲ್ಲ ಸಭೆಗೆ ವಾಪಸು ಬಂದರು. ಇವರನ್ನು ಏನು ಮಾಡಬೇಕು? ರೋಮ್‌ನಲ್ಲಿ ನೊವೇಷಿಯನ್ ಎಂಬವನು, ಇವರನ್ನು ಮತ್ತೆ ಸೇರಿಸಲೇಬಾರದು ಎಂದ. ಉತ್ತರ ಆಫ್ರಿಕಾದ ಕಾರ್ಥೇಜಿನಲ್ಲಿ ಇನ್ನೊಂದು ಕಡೆಯವರು, ಇವತ್ತೇ ಸೇರಿಸಿಕೊಳ್ಳಿ ಎಂದರು. ಅಲ್ಲಿನ ಬಿಷಪ್ ಸಿಪ್ರಿಯನ್ ಎರಡನ್ನೂ ಒಪ್ಪಲಿಲ್ಲ. ಬಾಗಿಲು ಮುಚ್ಚಬೇಡಿ, ಆದರೆ ಗಾಯ ಮಾಗುವ ಮೊದಲೇ ಪಟ್ಟಿ ಬಿಚ್ಚಬೇಡಿ ಎಂಬುದು ಅವನ ನಿಲುವು. 251ರಲ್ಲಿ ಅಲ್ಲಿ ಸೇರಿದ ಬಿಷಪರ ಸಭೆಯೂ ಹೆಚ್ಚುಕಡಿಮೆ ಆ ದಾರಿಯನ್ನೇ ಹಿಡಿಯಿತು. 258ರಲ್ಲಿ ಸಿಪ್ರಿಯನ್ ತಾನೇ ವಿಶ್ವಾಸಕ್ಕಾಗಿ ತಲೆ ಕೊಟ್ಟ. ಹಿಂಜರಿದವರ ಬಗ್ಗೆ ಅಷ್ಟು ಮೃದುವಾಗಿದ್ದವನು ತನ್ನ ಸರದಿ ಬಂದಾಗ ಹಿಂಜರಿಯಲಿಲ್ಲ, ಅದು ನನಗೆ ದೊಡ್ಡದಾಗಿ ಕಾಣುತ್ತದೆ.

ಮುಂದೆ ಪಾಪದ ಶಿಕ್ಷೆಯನ್ನು ಹಣ ಕೊಟ್ಟು ಕಡಿಮೆ ಮಾಡಿಸಿಕೊಳ್ಳಬಹುದು ಎನ್ನುವ ಮಟ್ಟಕ್ಕೆ ವ್ಯಾಪಾರ ಇಳಿದಾಗ 1517ರ ಅಕ್ಟೋಬರ್ 31ರಂದು ಪ್ರೊಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಜರ್ಮನಿಯ ಸನ್ಯಾಸಿ ಲೂಥರ್ ತನ್ನ 95 ವಾದಗಳನ್ನು ಹೊರಗಿಟ್ಟ. ಲೂಥರ್ ಎಂದರೆ ಬರೀ ನಂಬಿಕೆ ಸಾಕು ಎಂದವನು ಎಂದಷ್ಟೇ ನೆನಪಿಡುತ್ತಾರೆ. ವಿಶ್ವಾಸಿಯ ಇಡೀ ಬದುಕೇ ಪಶ್ಚಾತ್ತಾಪವಾಗಿರಬೇಕು ಎಂಬುದು ಅವನ ಮೊದಲನೆಯ ವಾದ. ಶಿಕ್ಷೆ ಕಡಿಮೆ ಮಾಡುವ ಆ ಕ್ಷಮಾಪತ್ರ ಕೊಳ್ಳುವುದಕ್ಕಿಂತ ಬಡವನಿಗೆ ಕೊಡುವುದು ಮೇಲು ಎಂಬುದು 43ನೆಯದು. 1547ರಲ್ಲಿ ಟ್ರೆಂಟ್ ಮಹಾಸಭೆ ಕಥೋಲಿಕ ಉತ್ತರ ಕೊಟ್ಟಿತು, ನೂರಾರು ವರ್ಷ ಎರಡೂ ಕಡೆ ಒಬ್ಬರನ್ನೊಬ್ಬರು ಶಪಿಸಿಕೊಂಡರು. ಕೊನೆಗೆ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕ ಸಭೆ ಮತ್ತು ಲೂಥರನ್ ವಿಶ್ವ ಒಕ್ಕೂಟ ಜಂಟಿ ಘೋಷಣೆಗೆ ಸಹಿ ಹಾಕಿದವು. ದೇವರು ನಮ್ಮನ್ನು ಸ್ವೀಕರಿಸುವುದು ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದ. ಆ ಕೃಪೆ ನಮ್ಮನ್ನು ಒಳ್ಳೆಯ ಕೆಲಸಗಳಿಗೆ ಸಜ್ಜುಮಾಡುತ್ತದೆ. ಅದರ ತಿರುಳು ಇಷ್ಟು. 2006ರಲ್ಲಿ ಇನ್ನೊಂದು ಪ್ರೊಟೆಸ್ಟೆಂಟ್ ಪಂಗಡವಾದ ಮೆಥಡಿಸ್ಟರೂ ಸೇರಿಕೊಂಡರು.

ಹೀಗಾಗಿ ಕದ್ದದ್ದನ್ನು ಹಿಂದಿರುಗಿಸಬೇಕೇ ಎಂಬುದರ ಬಗ್ಗೆ ಈ ಎರಡು ಪಂಗಡಗಳ ನಡುವೆ ಜಗಳವೇ ಇರಲಿಲ್ಲ. ಹಿಂದಿರುಗಿಸುವುದು ರಕ್ಷಣೆಗೆ ಕಾರಣವೋ ಫಲವೋ ಎಂಬುದಕ್ಕೆ ಜಗಳ. ಜರ್ಮನಿಯಲ್ಲಿ ಹಿಟ್ಲರನನ್ನು ವಿರೋಧಿಸಿ 1945ರಲ್ಲಿ ಗಲ್ಲಿಗೇರಿದ ಲೂಥರನ್ ಪಾಸ್ಟರ್ ಬಾನ್‌ಹೋಫರ್, ಪಶ್ಚಾತ್ತಾಪ ಕೇಳದೆ ಕ್ಷಮೆ ಸಾರುವುದನ್ನು 'ಅಗ್ಗದ ಕೃಪೆ' ಎಂದು ಕರೆದ. ಅವನು ಅದನ್ನು ತನ್ನ ಸಭೆಯವರಿಗೇ ಹೇಳಿದ್ದು.

ನೇರನುಡಿ

ಇಷ್ಟು ವಿವರವಾಗಿ ಬರೆದದ್ದಕ್ಕೆ ವಂದನೆ. ನನ್ನ ಇನ್ನೊಂದು ಪ್ರಶ್ನೆ ಹಾಗೇ ಉಳಿಯಿತು. ದೇವರು ದಯಾಮಯನಾದರೆ ಸುಮ್ಮನೆ ಕ್ಷಮಿಸಬಹುದಲ್ಲ? ನಿರಪರಾಧಿಯ ರಕ್ತ ಯಾಕೆ ಬೇಕು? ಜೊತೆಗೆ ಹುಟ್ಟಿದ ಮಗುವೂ ಪಾಪಿ ಎನ್ನುವುದು ಯಾವ ನ್ಯಾಯ?

ಕಿರುದೀಪ

ಎರಡನೆಯದು ಮೊದಲು. ಎಲ್ಲ ಕ್ರೈಸ್ತರೂ ಹಾಗೆ ಹೇಳುವುದಿಲ್ಲ. ಮೊದಲ ಮನುಷ್ಯ ಆದಾಮನ ಅಪರಾಧ ಸಂತಾನಕ್ಕೂ ಬಂದಿದೆ ಎಂದು ಬಲವಾಗಿ ವಾದಿಸಿದವನು ಬಿಷಪ್ ಅಗಸ್ಟೀನ್ (354–430). ಮನುಷ್ಯ ಮನಸ್ಸು ಮಾಡಿದರೆ ಪಾಪವಿಲ್ಲದೆ ಬದುಕಬಲ್ಲ ಎಂದ ಪೆಲೇಜಿಯಸ್‌ನ ಬೋಧನೆಯನ್ನು 418ರಲ್ಲಿ ಕಾರ್ಥೇಜ್ ಸಭೆ ತಳ್ಳಿಹಾಕಿತು. ಪೂರ್ವದ ಆರ್ಥೊಡಾಕ್ಸ್ ಸಭೆಗಳು ನಮಗೆ ಬಂದದ್ದು ಆದಾಮನ ಅಪರಾಧವಲ್ಲ, ಸಾವು ಮತ್ತು ಪಾಪದ ಕಡೆಗಿನ ವಾಲು ಎನ್ನುತ್ತವೆ. ಮಗ ತಂದೆಯ ದೋಷವನ್ನು ಹೊರುವುದಿಲ್ಲ ಎಂದು ಯೆಹೆಜ್ಕೇಲನ 18ನೇ ಅಧ್ಯಾಯವೇ ಹೇಳುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ಕೂಸಿನ ಮೇಲೆ ಅಪರಾಧ ಹೊರಿಸುವ ಮಾತು ನನಗೆ ಒಪ್ಪಿಗೆಯಿಲ್ಲ. ಆದರೆ ಯಾರೂ ಹೇಳಿಕೊಡದೆ ಮಕ್ಕಳು ಸುಳ್ಳು ಕಲಿಯುವುದನ್ನೂ, ನಾವು ಮಾಡಬಾರದೆಂದುಕೊಂಡದ್ದನ್ನೇ ಮತ್ತೆ ಮಾಡುವುದನ್ನೂ ನೋಡಿದರೆ ಯೇಸುವಿನ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 7ನೇ ಅಧ್ಯಾಯ ಸುಳ್ಳೆನಿಸುವುದಿಲ್ಲ. ಪಾಪ ಎಂದರೆ ಕೆಟ್ಟ ಕೆಲಸಗಳ ಪಟ್ಟಿ ಮಾತ್ರವಲ್ಲ. ಆದಿಕಾಂಡದಲ್ಲಿ ಹಣ್ಣು ತಿಂದ ಕೂಡಲೇ ನಡೆದದ್ದೇನು? ಇಬ್ಬರೂ ಮರಗಳ ಹಿಂದೆ ಅಡಗಿದರು. ವಿಚಾರಿಸಿದಾಗ ಗಂಡ ಹೆಂಡತಿಯ ಮೇಲೆ ಹಾಕಿದ, ಹೆಂಡತಿ ಸರ್ಪದ ಮೇಲೆ ಹಾಕಿದಳು. ಅಡಗುವುದು, ಇನ್ನೊಬ್ಬರ ಮೇಲೆ ಹಾಕುವುದು, ಇವೆರಡೂ ಇರುವವರೆಗೆ ಪಾಪ ಜೀವಂತ ಇದೆ ಎಂದೇ ಅರ್ಥ.

ಶಿಲುಬೆಯ ಬಗ್ಗೆ. ಕ್ಷಮೆ ಎಂದೂ ಪುಕ್ಕಟೆಯಲ್ಲ. ಹೊಂಬಾಳೆಯವರು ನಾಳೆ ಆ ಆಸ್ತಿಯನ್ನು ಬಿಟ್ಟೆ ಎಂದರೆ ನಷ್ಟ ಮಾಯವಾಗುವುದಿಲ್ಲ, ಅವರೇ ಹೊರುತ್ತಾರೆ. ಕ್ಷಮಿಸುವವನು ನಷ್ಟ ಹೊರುತ್ತಾನೆ. ಶಿಲುಬೆಯ ಮೇಲೆ ಇದ್ದವನು ಸಂಬಂಧವಿಲ್ಲದ ಮೂರನೆಯವನಾಗಿದ್ದರೆ ನಿಮ್ಮ ಆಕ್ಷೇಪಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಆದರೆ ದೇವರು ಕ್ರಿಸ್ತನಲ್ಲಿದ್ದು ಲೋಕವನ್ನು ತನಗೆ ಸಮಾಧಾನಪಡಿಸಿಕೊಂಡನು ಎಂಬುದು ಪೌಲನ ಮಾತು. ಗಾಯಗೊಂಡವನೇ ನಷ್ಟವನ್ನು ಹೊತ್ತುಕೊಂಡ.

ಅದು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಒಂದೇ ವಿವರಣೆ ಇಲ್ಲ. ಸಾವನ್ನೂ ಸೈತಾನನನ್ನೂ ಗೆದ್ದ ಜಯ ಎಂದು ಆದಿ ಸಭೆಯ ಗುರುಗಳಾದ ಹಳೆಯ ಪಿತೃಗಳು ಹೇಳಿದರು. 11ನೇ ಶತಮಾನದ ಕೊನೆಯಲ್ಲಿ ಆನ್‌ಸೆಲ್ಮ್ ಅದನ್ನು ದೇವರ ಗೌರವಕ್ಕೆ ಸಲ್ಲಬೇಕಾದ ತೃಪ್ತಿ ಎಂದ. ಅದು ನಮ್ಮ ಹೃದಯ ಕರಗಿಸುವ ಪ್ರೀತಿ ಎಂಬುದಕ್ಕೆ ಅಬೆಲಾರ್ಡ್ ಒತ್ತು ಕೊಟ್ಟ. ನಮಗೆ ಬರಬೇಕಿದ್ದ ದಂಡನೆಯನ್ನು ಆತ ಹೊತ್ತ ಎಂದು ಪ್ರೊಟೆಸ್ಟೆಂಟ್ ಸುಧಾರಕರು ಹೇಳಿದರು. ಸಭೆಗಳು ಆರಾಧನೆಯಲ್ಲಿ ಹೇಳುವ ನೈಸೀಯ ವಿಶ್ವಾಸಪ್ರಮಾಣ ಇದರಲ್ಲಿ ಯಾವುದನ್ನೂ ಆರಿಸಿಕೊಳ್ಳದೆ "ನಮಗಾಗಿ" ಎಂದು ಹೇಳಿ ಸುಮ್ಮನಾಗುತ್ತದೆ. ನನಗೆ ಅಷ್ಟು ಸಾಕು.

ಬೆಳಗಿನಹಾದಿ

ಇಲ್ಲಿಯವರೆಗೆ ತಪ್ಪು ಮಾಡಿದವರ ಬಗ್ಗೆ ಮಾತಾಡಿದಿರಿ. ನೊಂದವರ ಮೇಲೆ ಸಭೆಗಳಲ್ಲಿ ಏನು ಹೇರುತ್ತಾರೆ ಎಂಬುದನ್ನು ನಾನು ಹೇಳಲೇಬೇಕು. ಹೊಡೆತ ತಿಂದು ಬಂದ ಹೆಂಗಸರ ಜೊತೆ ಕೂತು ಮಾತಾಡುವ ಕೆಲಸ ನನ್ನದು. ಅವರಲ್ಲಿ ಎಷ್ಟೋ ಜನರಿಗೆ ಮೊದಲು ಸಿಕ್ಕ ಉಪದೇಶ, ಏಳೆಪ್ಪತ್ತು ಸಾರಿ ಕ್ಷಮಿಸು, ಮನೆಗೆ ಹೋಗು ಎಂದು. ಮತ್ತಾಯ 18ರ ಆ ವಚನವನ್ನು ಬಡಿಗೆಯ ಹಾಗೆ ಬಳಸುತ್ತಾರೆ.

ಅದೇ ಅಧ್ಯಾಯವನ್ನು ಸ್ವಲ್ಪ ಮೇಲಿನಿಂದ ಓದಿ. 15ನೇ ವಚನದಿಂದ ಯೇಸು ಹೇಳುವುದು ಏನೆಂದರೆ, ನಿನಗೆ ತಪ್ಪು ಮಾಡಿದವನ ಬಳಿಗೆ ಹೋಗಿ ಅವನ ತಪ್ಪನ್ನು ತೋರಿಸು. ಕೇಳದಿದ್ದರೆ ಇನ್ನೂ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಅದಕ್ಕೂ ಕೇಳದಿದ್ದರೆ ಸಭೆಗೆ ಹೇಳು. ತಪ್ಪನ್ನು ಹೆಸರಿಟ್ಟು ಹೇಳಿದ ಮೇಲೆ ಏಳೆಪ್ಪತ್ತರ ಮಾತು ಬರುತ್ತದೆ. ಲೂಕ 17:3ರಲ್ಲಂತೂ, ಗದರಿಸು, ಅವನು ಪಶ್ಚಾತ್ತಾಪಪಟ್ಟರೆ ಕ್ಷಮಿಸು ಎಂದೇ ಇದೆ.

ಸಾಲಗಾರ ಸೇವಕನ ಸಾಮ್ಯವನ್ನು ಸಾಮಾನ್ಯವಾಗಿ ನೊಂದವರಿಗೇ ಓದಿ ಹೇಳುತ್ತಾರೆ. ಹತ್ತು ಸಾವಿರ ತಲಾಂತು ಮನ್ನಾ ಆಗಿತ್ತು. ಒಂದು ತಲಾಂತು ಎಂದರೆ ಸುಮಾರು ಆರು ಸಾವಿರ ದೀನಾರಿ, ಒಂದು ದೀನಾರಿ ಎಂದರೆ ಒಂದು ದಿನದ ಕೂಲಿ. ಅಂದರೆ ಆರು ಕೋಟಿ ದಿನಗಳ ದುಡಿಮೆ ಮನ್ನಾ ಆದವನು ಹೊರಗೆ ಬಂದು ನೂರು ದೀನಾರಿಗೆ ಜೊತೆಯವನ ಕುತ್ತಿಗೆ ಹಿಸುಕಿದ. ಅವನು ಕ್ಷಮಿಸದೆ ಹೋದದ್ದಕ್ಕೇ ಆ ಕಥೆ ಹೇಳಿದ್ದು, ಅದರಲ್ಲಿ ಸಂದೇಹವಿಲ್ಲ. ಆದರೆ ಕಥೆಯನ್ನು ಇನ್ನೊಂದು ಕಡೆಯಿಂದಲೂ ನೋಡಬೇಕು. ದೊಡ್ಡ ಕ್ಷಮೆ ಪಡೆದವನು ಇನ್ನೊಬ್ಬರ ಮೇಲೆ ಕೈಮಾಡಿದಾಗ ಉಳಿದ ಸೇವಕರು ನೋಡಿ ದುಃಖಪಟ್ಟು ಒಡೆಯನಿಗೆ ಹೇಳುತ್ತಾರೆ, ಒಡೆಯ ಆತನನ್ನು ಮತ್ತೆ ಕರೆಸುತ್ತಾನೆ. ನಿನಗೆ ಮನ್ನಾ ಆಗಿದೆ, ಇನ್ನು ಜೊತೆಯವರಿಗೆ ಏನು ಮಾಡಿದರೂ ನಡೆಯುತ್ತದೆ ಎನ್ನುವುದಿಲ್ಲ.

ಹೊಂಬಾಳೆ ಅಕ್ಕ, ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯ 6ನೇ ಅಧ್ಯಾಯದಲ್ಲಿ ಕೊಲ್ಲಲ್ಪಟ್ಟವರ ಆತ್ಮಗಳು ಯಜ್ಞವೇದಿಯ ಕೆಳಗಿನಿಂದ, ಎಷ್ಟು ಕಾಲ ನ್ಯಾಯ ತೀರಿಸದೆ ಇರುವೆ ಎಂದು ಕೂಗುತ್ತವೆ. ಅವು ಸ್ವರ್ಗದಲ್ಲಿವೆ, ಆದರೂ ಕೂಗುತ್ತವೆ. ಯಾರೂ ಅವುಗಳ ಬಾಯಿ ಮುಚ್ಚಿಸುವುದಿಲ್ಲ, ಒಬ್ಬೊಬ್ಬರಿಗೂ ಬಿಳೀ ಅಂಗಿ ಕೊಡುತ್ತಾರೆ. ನಿಮ್ಮ ಪ್ರಶ್ನೆ ಕ್ಷಮೆಯಿಲ್ಲದ ಮನಸ್ಸಿನದು ಎಂದು ಯಾರಾದರೂ ಹೇಳಿದರೆ ಇದನ್ನು ತೋರಿಸಿ.

ಒಬ್ಬ ಓದುಗ

ಆದರೆ ಪೌಲ 1 ಕೊರಿಂಥ 6ರಲ್ಲಿ ನ್ಯಾಯಸ್ಥಾನಕ್ಕೆ ಹೋಗುವುದಕ್ಕಿಂತ ಅನ್ಯಾಯವನ್ನು ಸಹಿಸಿಕೊಳ್ಳಬಾರದೇಕೆ ಎಂದು ಕೇಳುತ್ತಾನಲ್ಲ?

ಬೆಳಗಿನಹಾದಿ

ಕೇಳುತ್ತಾನೆ. ಮುಂದಿನ ವಚನದಲ್ಲೇ, ನೀವೇ ಅನ್ಯಾಯ ಮಾಡುತ್ತೀರಿ, ಮೋಸಮಾಡುತ್ತೀರಿ, ಅದೂ ಸಹೋದರರಿಗೆ ಎಂದು ಬೈಯುತ್ತಾನೆ. ಸಹಿಸಿಕೊಳ್ಳುವುದನ್ನು ನೊಂದವರು ತಾವಾಗಿ ಆರಿಸಿಕೊಳ್ಳಬಹುದು. ಮೋಸ ಮಾಡಿದವನು ಆ ವಚನವನ್ನು ತನ್ನ ರಕ್ಷಣೆಗೆ ಹಿಡಿದುಕೊಳ್ಳುವಂತಿಲ್ಲ.

ಶನಿವಾರದ ಭೇಟಿ

ನಾನು ಸೆರೆಮನೆಗೆ ಹೋಗಿ ಕೈದಿಗಳ ಜೊತೆ ಬೈಬಲ್ ಓದುತ್ತೇನೆ. ಅಲ್ಲಿ ಕಂಡ ಒಂದು ವಿಷಯ ಹೇಳಬೇಕು ಅನ್ನಿಸಿತು.

ಒಬ್ಬರು ತಾವು ಕೊಂದವನ ತಾಯಿಗೆ ಕಾಗದ ಬರೆಯಬೇಕೆಂದು ಕೂತರು. ಮೊದಲ ಕಾಗದ ನನಗೆ ತೋರಿಸಿದರು. ಪ್ರತಿ ಸಾಲಿನಲ್ಲೂ 'ನನ್ನನ್ನು ಕ್ಷಮಿಸಿ' ಇತ್ತು. ನಾನೀಗ ಬದಲಾಗಿದ್ದೇನೆ, ದೇವರು ನನಗೆ ಶಾಂತಿ ಕೊಟ್ಟಿದ್ದಾನೆ ಎಂದಿತ್ತು. ನಾನು ಏನೂ ಹೇಳಲಿಲ್ಲ, ಜೊತೆಯಲ್ಲಿದ್ದ ಇನ್ನೊಬ್ಬ ಕೈದಿ ಓದಿ, "ಇದರಲ್ಲಿ ಅವರ ಮಗನ ಹೆಸರೇ ಇಲ್ಲವಲ್ಲ" ಎಂದ. ಬರೆದವರು ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಬಹಳ ವಾರಗಳ ನಂತರ ಎರಡನೆಯದು ಬರೆದರು, ತೀರಾ ಚಿಕ್ಕದು. ಅದರಲ್ಲಿ ಆ ಹುಡುಗನ ಹೆಸರಿತ್ತು. ನಾನು ಹೊಡೆದೆ, ಅವನು ನನಗೆ ಏನೂ ಮಾಡಿರಲಿಲ್ಲ, ಕೋರ್ಟಿನಲ್ಲಿ ಅವನ ಬಗ್ಗೆ ನಾನು ಹೇಳಿದ್ದು ಸುಳ್ಳು ಎಂದಿತ್ತು. ನಿಮ್ಮಿಂದ ನನಗೆ ಏನೂ ಬೇಡ, ನೀವು ಉತ್ತರ ಬರೆಯಬೇಕಾಗಿಲ್ಲ ಎಂದು ಮುಗಿಸಿದ್ದರು. ಕ್ಷಮಿಸಿ ಎಂಬ ಮಾತು ಎಲ್ಲೂ ಇರಲಿಲ್ಲ. ಅಧಿಕಾರಿಗಳ ಮೂಲಕ, ಆ ತಾಯಿ ಓದಲು ಒಪ್ಪಿದ ಮೇಲೆಯೇ ಅದು ತಲುಪಿತು. ಉತ್ತರ ಬರಲಿಲ್ಲ.

ಮೊದಲ ಕಾಗದ ಆ ತಾಯಿಯಿಂದ ಇನ್ನೊಂದನ್ನು ಕೇಳುತ್ತಿತ್ತು. ಹೊಂಬಾಳೆಯವರ ಕೈ ಹಿಡಿದುಕೊಂಡ ಆ ಹಿರಿಯರೂ ಅದನ್ನೇ ಮಾಡಿದ್ದಾರೆ ಎನ್ನಿಸುತ್ತದೆ.

ಇನ್ನೊಂದು ಬಗೆಯವರೂ ಅಲ್ಲಿದ್ದಾರೆ. ಅವರಿಗೆ ದೇವರು ಕ್ಷಮಿಸುತ್ತಾನೆ ಎಂದರೆ ನಂಬಿಕೆ ಬರುವುದೇ ಇಲ್ಲ. ಪವಿತ್ರಾತ್ಮನ ದೂಷಣೆಗೆ ಕ್ಷಮೆಯಿಲ್ಲ ಎಂಬ ಮಾರ್ಕ 3ರ ಮಾತನ್ನು ತಮಗೇ ಹಾಕಿಕೊಂಡು ರಾತ್ರಿಯಿಡೀ ನಿದ್ದೆಗೆಡುತ್ತಾರೆ. ಕಣ್ಣೆದುರು ನಡೆದ ಒಳ್ಳೆಯದನ್ನು ದೆವ್ವದ ಕೆಲಸ ಎಂದು ಹಟಹಿಡಿದವರಿಗೆ ಯೇಸು ಹೇಳಿದ ಎಚ್ಚರಿಕೆ ಅದು. ನಾನು ಆ ಪಾಪ ಮಾಡಿಬಿಟ್ಟೆನೇನೋ ಎಂದು ಅಳುವವನು ಆ ಹಟದಲ್ಲಿಲ್ಲ. ಇಂಥವರಿಗೆ ನಾನು ಯೇಸುವಿನ ಶಿಷ್ಯರಾದ ಪೇತ್ರ ಮತ್ತು ಯೂದರ ಕಥೆ ಓದುತ್ತೇನೆ. ಇಬ್ಬರೂ ಒಂದೇ ರಾತ್ರಿ ಗುರುವಿಗೆ ದ್ರೋಹ ಮಾಡಿದರು: ಯೂದ ಬೆಳ್ಳಿ ನಾಣ್ಯಕ್ಕೆ ಹಿಡಿದುಕೊಟ್ಟ, ಪೇತ್ರ ಆತನನ್ನು ಅರಿಯೆನೆಂದು ಮೂರು ಸಾರಿ ಹೇಳಿದ. ಇಬ್ಬರಿಗೂ ದುಃಖವಾಯಿತು. ಯೂದ ಬೆಳ್ಳಿ ನಾಣ್ಯಗಳನ್ನು ಹಿಂದಿರುಗಿಸಿದ ಕೂಡ, ನಿರಪರಾಧಿಯ ರಕ್ತಕ್ಕೆ ದ್ರೋಹ ಮಾಡಿದೆ ಎಂದೂ ಒಪ್ಪಿಕೊಂಡ. ಆದರೆ ಆ ಯಾಜಕರು, ಅದು ನಮಗೇನು, ನೀನೇ ನೋಡಿಕೋ ಎಂದು ಕಳಿಸಿಬಿಟ್ಟರು. ಪಶ್ಚಾತ್ತಾಪ ಹೊತ್ತು ಬಂದವನಿಗೆ ದೇವರ ಮನೆಯಲ್ಲಿ ಹೇಳಬಾರದ ಮಾತು ಅದು. ಅವನು ಒಂಟಿಯಾಗಿ ಹೋಗಿ ಸತ್ತ. ಪೇತ್ರ ಉಳಿದ ಶಿಷ್ಯರ ನಡುವೆ ಇದ್ದ, ಸಮುದ್ರದ ದಡದಲ್ಲಿ ಯೇಸು ಬಂದು 'ನನ್ನನ್ನು ಪ್ರೀತಿಸುತ್ತೀಯಾ' ಎಂದು ಮೂರು ಸಾರಿ ಕೇಳುವವರೆಗೆ ಬದುಕಿದ್ದ. ನಾನು ಪ್ರತಿ ವಾರ ಅಲ್ಲಿಗೆ ಹೋಗುವುದು ಈ ಕಾರಣಕ್ಕೆ.

ಹೊಂಬಾಳೆ

ಎಲ್ಲವನ್ನೂ ಓದಿದೆ, ಅಮ್ಮನಿಗೂ ಓದಿ ಹೇಳಿದೆ. ಜಕ್ಕಾಯನ ಕಥೆಯನ್ನು ಎರಡನೇ ಸಲ ಓದಿಸಿಕೊಂಡರು. "ಅವನು ಬಂದು ಹೌದು ನಾನು ಮೋಸ ಮಾಡಿದೆ ಅಂತ ನಿಮ್ಮಪ್ಪನ ಹೆಸರು ಹೇಳಿ ಒಪ್ಪಿಕೊಂಡರೆ ನನಗೆ ಅರ್ಧ ಭಾರ ಇಳಿಯುತ್ತೆ, ಆಸ್ತಿ ಮಾತು ಆಮೇಲೆ" ಎಂದರು. ನನಗೆ ಆಸ್ತಿಯೂ ಬೇಕು, ಅದನ್ನು ಮುಚ್ಚಿಡುವುದಿಲ್ಲ. ಅಪ್ಪ ದುಡಿದದ್ದು.

ಈಗ ನನ್ನ ಪ್ರಶ್ನೆ. ನಾನು ಅವರ ಧರ್ಮದವಳಲ್ಲ. ಅವರ ಪುಸ್ತಕದ ಮಾತನ್ನು ಅವರಿಗೆ ತೋರಿಸುವುದು ಸರಿಯೇ? ಅವರ ಪಾಸ್ಟರ್‌ಗೆ ಹೇಳಿದರೆ ಚಾಡಿ ಹೇಳಿದ ಹಾಗಾಗುತ್ತದೆಯೇ? ಕೋರ್ಟಿಗೆ ಹೋದರೆ ಅವರ ವಿಶ್ವಾಸವನ್ನು ನಾನು ಕೆಡಿಸಿದ ಹಾಗಾಗುತ್ತದೆಯೇ?

ಕಿರುದೀಪ

ತೋರಿಸಿ. ನಾತಾನ ಬರದಿದ್ದರೆ ದಾವೀದ ಹಾಡು ಹೇಳಿಕೊಂಡೇ ಇರುತ್ತಿದ್ದ. ಮೊದಲು ಅವರಿಗೇ ಹೇಳಿ, ಒಬ್ಬರೇ ಹೋಗಲು ಹಿಂಜರಿಕೆಯಾದರೆ ನಿಮ್ಮವರೊಬ್ಬರನ್ನು ಕರೆದುಕೊಂಡು ಹೋಗಿ. ಜಗ್ಗದಿದ್ದರೆ ಪಾಸ್ಟರ್‌ಗೆ ಹೇಳುವುದು ಚಾಡಿಯಲ್ಲ, ಮತ್ತಾಯ 18 ಹೇಳಿದ ಕ್ರಮವೇ ಅದು. ಪಾಸ್ಟರ್ ಒಳ್ಳೆಯವರಾದರೆ ನಿಮಗೆ ಋಣಿಯಾಗಿರುತ್ತಾರೆ.

ಫಿಲೆಮೋನನಿಗೆ ಪೌಲ ಬರೆದ ಚಿಕ್ಕ ಪತ್ರವನ್ನೂ ಓದಿಕೊಳ್ಳಿ, ಒಂದೇ ಪುಟ. ಯಜಮಾನನನ್ನು ಬಿಟ್ಟುಹೋಗಿದ್ದ ದಾಸ ಒನೇಸಿಮ ವಿಶ್ವಾಸಿಯಾಗಿದ್ದಾನೆ. ಅವನನ್ನು ಪೌಲ ಫಿಲೆಮೋನನ ಹತ್ತಿರ ವಾಪಸು ಕಳಿಸುತ್ತಾನೆ. ಒಬ್ಬ ಮನುಷ್ಯನನ್ನು ಇನ್ನೊಬ್ಬ ದಾಸನಾಗಿ ಇಟ್ಟುಕೊಂಡಿದ್ದ ಆ ಕಾಲದ ವ್ಯವಸ್ಥೆ ನನಗೆ ನುಂಗಲಾರದ್ದು, ಅದು ಬೇರೆಯೇ ಚರ್ಚೆ. ಆದರೆ ಬಾಕಿಯ ವಿಷಯದಲ್ಲಿ ಪೌಲ ಏನು ಬರೆದ ನೋಡಿ. ಅವನು ನಿನಗೆ ಅನ್ಯಾಯ ಮಾಡಿದ್ದರೆ, ಏನಾದರೂ ಕೊಡಬೇಕಾಗಿದ್ದರೆ ಅದನ್ನು ನನ್ನ ಲೆಕ್ಕಕ್ಕೆ ಹಾಕು, ಪೌಲನೆಂಬ ನಾನೇ ಸ್ವಂತ ಕೈಯಿಂದ ಬರೆದುಕೊಡುತ್ತಿದ್ದೇನೆ, ನಾನೇ ತೀರಿಸುತ್ತೇನೆ. ಕೃಪೆಯ ಬಗ್ಗೆ ಎಲ್ಲರಿಗಿಂತ ಹೆಚ್ಚು ಬರೆದವನು ಅವನು. ದೇವರು ಇವನನ್ನು ಕ್ಷಮಿಸಿದ್ದಾನೆ, ಬಾಕಿ ಬಿಟ್ಟುಬಿಡು ಎಂದು ಬರೆಯಲಿಲ್ಲ.

ಸಂಜೆಗಂಟೆ

ಕೋರ್ಟಿನ ಬಗ್ಗೆ: ಕಾನೂನಿನ ದಾರಿ ಹಿಡಿಯುವುದು ಸೇಡಲ್ಲ. ಆದರೆ ಇಂಥದ್ದಕ್ಕೆ ಕಾಲಮಿತಿ ಇರುತ್ತದೆ, ಮಾತುಕತೆ ನಡೆಯಲಿ ಎಂದು ಕಾಯುತ್ತಾ ಅದನ್ನು ದಾಟಿಸಿಕೊಳ್ಳಬೇಡಿ. ವಕೀಲರನ್ನು ಈಗಲೇ ಕಂಡು ಕೇಳಿ. ಎರಡೂ ಒಟ್ಟಿಗೆ ನಡೆಯಲಿ.

ನೇರನುಡಿ

ನಿರಪರಾಧಿಯ ರಕ್ತದ ವಿಷಯದಲ್ಲಿ ಕಿರುದೀಪ ಅವರ ಉತ್ತರ ನನಗೆ ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ, ಅದನ್ನು ಬೇರೆ ಕಡೆ ಮುಂದುವರಿಸೋಣ. ಆದರೆ ಈ ಹಿರಿಯರು ಹೇಳಿದ ಕ್ಷಮೆ ಅವರ ಧರ್ಮದ ಪೂರ್ತಿ ಮಾತಲ್ಲ ಎಂಬುದು ಇವತ್ತು ನನಗೆ ಸ್ಪಷ್ಟವಾಯಿತು. ಹೊಂಬಾಳೆಯವರೇ, ಹೋಗುವಾಗ ಜೊತೆಗೆ ಯಾರೂ ಇಲ್ಲವೆನಿಸಿದರೆ ಹೇಳಿ.

ಹೊಂಬಾಳೆ

ಚಿಕ್ಕಪ್ಪನವರು ಬರುತ್ತಾರೆ. ಮೊದಲು ಕಾಗದ ಬರೆಯುತ್ತೇನೆ, ಬಾಯಲ್ಲಿ ಹೇಳಲು ಹೋದರೆ ನನಗೆ ಅಳು ಬರುತ್ತದೆ. ಸಹಿ ಹಾಕಿಸಿಕೊಂಡದ್ದು ಯಾವಾಗ, ಏನೆಂದು ಹೇಳಿದ್ದರು, ಅಪ್ಪ ಯಾವ ಸ್ಥಿತಿಯಲ್ಲಿದ್ದರು, ಇಷ್ಟನ್ನೂ ಕ್ರಮವಾಗಿ ಬರೆದು ಮತ್ತಾಯ 5:23-24 ಅನ್ನು ಕೆಳಗೆ ಹಾಕುತ್ತೇನೆ. ಬೈಗುಳ ಇರುವುದಿಲ್ಲ. ಕ್ಷಮಿಸಿದ್ದೇನೆ ಎಂದೂ ಬರೆಯುವುದಿಲ್ಲ, ಅದನ್ನು ಹೇಳಬೇಕಾದವರು ಅಮ್ಮ.

ಶನಿವಾರದ ಭೇಟಿ

ಪತ್ರದ ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಅಮ್ಮನ ಹೆಸರೂ ಅದರಲ್ಲಿರಲಿ.